ಸಾರಿನಲ್ಲಿ ಬೆರೆಸಿದ ಮಾತ್ರೆ

ನಾನು ಒಂಬತ್ತನೆಯ ತರಗತಿಯಲ್ಲಿದ್ದ ವರ್ಷ, 1996ರಲ್ಲಿ, ಅವ್ವ ನಮ್ಮ ಮನೆಯ ರಾಗಿಹಿಟ್ಟಿನ ಡಬ್ಬದ ಹಿಂದೆ ಬಿಳಿಯ ಮಾತ್ರೆಗಳ ಒಂದು ಪಟ್ಟಿಯನ್ನು ಬಚ್ಚಿಟ್ಟಿದ್ದಳು. ಪಕ್ಕದ ಬೀದಿಯ ಹೆಂಗಸೊಬ್ಬರು ಹೇಳಿಕೊಟ್ಟಂತೆ ಪೇಟೆಯ ಮೆಡಿಕಲ್ ಸ್ಟೋರಿನಿಂದ, ಯಾವ ವೈದ್ಯರ ಚೀಟಿಯೂ ಇಲ್ಲದೆ, ಅದನ್ನು ತಂದಿದ್ದಳು. ರಾತ್ರಿ ಅಪ್ಪನಿಗೆ ಬಡಿಸುವ ಮುಂಚೆ ಒಂದು ಮಾತ್ರೆಯನ್ನು ಲೋಟದ ತಳದಿಂದ ಅರೆದು ಅವನ ತಟ್ಟೆಯ ಉಪ್ಸಾರಿಗೆ ಮಾತ್ರ ಬೆರೆಸುತ್ತಿದ್ದಳು. ಇದು ನನಗೆ ಗೊತ್ತಿತ್ತು. ಅಪ್ಪ ಊಟಕ್ಕೆ ಕೂತಾಗ ಅವನ ಮುಖ ನೋಡಬೇಕಾಗಿ ಬಾರದಿರಲಿ ಎಂದು ನಾನು ಪುಸ್ತಕ ಹಿಡಿದು ಜಗಲಿಯ ಮೇಲೆ ಕೂರುತ್ತಿದ್ದೆ.

ಅಪ್ಪ ಮಂಡ್ಯದ ಸುತ್ತಮುತ್ತಲ ಆಲೆಮನೆಗಳಲ್ಲಿ ಪಾಕ ನೋಡುವವನು. ಕೊಪ್ಪರಿಗೆಯಲ್ಲಿ ಕುದಿಯುವ ಕಬ್ಬಿನ ಹಾಲು ಯಾವ ಗಳಿಗೆಯಲ್ಲಿ ಬೆಲ್ಲದ ಹದಕ್ಕೆ ಬಂತು ಎಂಬುದನ್ನು, ಒಂದು ಹನಿಯನ್ನು ತಣ್ಣೀರಿಗೆ ಬಿಟ್ಟು ಬೆರಳುಗಳ ನಡುವೆ ಉಂಡೆ ಮಾಡಿ ನೋಡಿ ಹೇಳುತ್ತಿದ್ದ. ಅವನ ಮಾತು ತಪ್ಪಿದ್ದನ್ನು ಯಾರೂ ಕಂಡಿರಲಿಲ್ಲ. ಹಗಲು ರಾತ್ರಿಯೆನ್ನದೆ ಬೆಂಕಿಯ ಮುಂದೆ ನಿಲ್ಲುವ ಆ ಕೆಲಸದಲ್ಲಿ ಕುಡಿಯದವರು ಕಡಿಮೆ, ಕೂಲಿಯ ಜೊತೆಗೆ ಸಾರಾಯಿ ಪ್ಯಾಕೆಟ್ಟನ್ನೂ ಕೈಗಿಡುವ ಮಾಲೀಕರು ಆಗ ಇದ್ದರು. ಅವ್ವ ಗುಟ್ಟಾಗಿ ಮಾತ್ರೆ ಬೆರೆಸಲು ಶುರು ಮಾಡಿದ ನಾಲ್ಕನೆಯ ದಿನದ ಸಂಜೆ ಅಪ್ಪ ಕೊಪ್ಪರಿಗೆಯಿಂದ ಎರಡೇ ಮಾರು ದೂರದಲ್ಲಿ ಕುಸಿದುಬಿದ್ದ. ಮುಖ, ಕುತ್ತಿಗೆ, ಎದೆಯೆಲ್ಲ ಕೆಂಪಗಾಗಿ, ಎದೆ ಹೊಡೆದುಕೊಳ್ಳುತ್ತಾ, ವಾಂತಿಯ ಮೇಲೆ ವಾಂತಿ ಮಾಡುತ್ತಿದ್ದವನನ್ನು ಕಬ್ಬಿನ ಟ್ರ್ಯಾಕ್ಟರಿನಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ಕರೆದೊಯ್ದರು. ಅಲ್ಲಿನ ವೈದ್ಯರು ಅವ್ವನನ್ನು ಕೇಳಿದ್ದು ಒಂದೇ ಪ್ರಶ್ನೆ: "ಏನಾದರೂ ಮಾತ್ರೆ ಕೊಟ್ಟಿದ್ದೀರಾ ತಾಯಿ?" ಅವ್ವ ಎರಡು ಸಲ ಇಲ್ಲವೆಂದಳು. ಮೂರನೆಯ ಸಲ ಹೌದೆಂದಳು. ಅಪ್ಪ ಅಲ್ಲೇ ಮಂಚದ ಮೇಲೆ ಎಚ್ಚರವಾಗಿದ್ದ.

ಅಪ್ಪ ಬದುಕಿಕೊಂಡ. ಆದರೆ ಅಲ್ಲಿಂದಾಚೆಗೆ ಮನೆಯಲ್ಲಿ ಬಡಿಸಿದ ತಟ್ಟೆಯಿಂದ ಮೊದಲ ತುತ್ತನ್ನು ಅವನು ಎಂದೂ ತಿನ್ನಲಿಲ್ಲ. ಮಾತಿಲ್ಲದೆ ತಟ್ಟೆಯನ್ನು ಅವ್ವನ ಕಡೆಗೆ ಸರಿಸುತ್ತಿದ್ದ. ಅವಳು ಮುದ್ದೆಯ ಒಂದು ತುತ್ತು ಮುರಿದು, ಸಾರಿನಲ್ಲಿ ಅದ್ದಿ, ಅವನೆದುರಿಗೇ ನುಂಗಿದ ಮೇಲೆ ಊಟ ಶುರುವಾಗುತ್ತಿತ್ತು. ಹದಿನೈದು ವರ್ಷ ಹೀಗೆಯೇ ನಡೆಯಿತು. ಕುಡಿತವೂ ನಡೆಯಿತು.

ಇಂದು ನಾನು ಕುಡಿತದ ಸಮಸ್ಯೆಯಿರುವವರ ಮತ್ತು ಅವರ ಮನೆಯವರ ಆಪ್ತಸಮಾಲೋಚಕಿ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರಗಳಂದು ನಡೆಯುವ ಮನೋಚೈತನ್ಯ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಕ್ಲಿನಿಕ್ಕುಗಳಲ್ಲಿ ಕೂತು ಹತ್ತು ವರ್ಷಕ್ಕಿಂತ ಹೆಚ್ಚಾಯಿತು. ಇಲ್ಲಿ ಬರೆಯುವ ರೋಗಿಗಳ ವಿವರಗಳನ್ನು ಯಾರಿಗೂ ಗುರುತು ಸಿಗದಂತೆ ಬದಲಿಸಿದ್ದೇನೆ. ನನ್ನ ಮನೆಯ ಕತೆಯನ್ನು ಅವ್ವನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

ಆ ಮಾತ್ರೆಯ ಹೆಸರು ಡೈಸಲ್ಫಿರಾಮ್, ಕುಡಿತ ಬಿಡಿಸಲು ಕೊಡುವ ಔಷಧಿ. ರಬ್ಬರ್ ಕಾರ್ಖಾನೆಗಳಲ್ಲಿ ಬಳಕೆಯಲ್ಲಿದ್ದ ರಾಸಾಯನಿಕ ಅದು, ಅಲ್ಲಿನ ಕಾರ್ಮಿಕರಿಗೆ ಮದ್ಯ ಸೇರದಂತಾದದ್ದನ್ನು 1930ರ ದಶಕದಲ್ಲೇ ಗಮನಿಸಲಾಗಿತ್ತು. ಮುಂದೆ ಡೆನ್ಮಾರ್ಕಿನ ಯೆನ್ಸ್ ಹಾಲ್ಡ್ ಮತ್ತು ಎರಿಕ್ ಯಾಕೊಬ್ಸೆನ್ ಎಂಬ ಇಬ್ಬರು ಸಂಶೋಧಕರು ಹೊಟ್ಟೆಹುಳುವಿನ ಔಷಧಿಯಾಗಬಹುದೇ ಎಂದು ಅದನ್ನು ತಾವೇ ನುಂಗಿ ನೋಡಿದರು. ಆಮೇಲೆ ಮದ್ಯ ಕುಡಿದಾಗ ಮೈ ಕೆಟ್ಟದ್ದರಿಂದ ಅದರ ಇನ್ನೊಂದು ಗುಣ ಅವರಿಗೆ ತಿಳಿಯಿತು, 1948ರಲ್ಲಿ ಅದನ್ನು ಪ್ರಕಟಿಸಿದರು. ದೇಹ ಮದ್ಯವನ್ನು ಮೊದಲು ಅಸಿಟಾಲ್ಡಿಹೈಡ್ ಎಂಬ ವಿಷವನ್ನಾಗಿ ಮಾರ್ಪಡಿಸಿ, ಆಮೇಲೆ ಒಂದು ಕಿಣ್ವದ ನೆರವಿನಿಂದ ಆ ವಿಷವನ್ನು ಕರಗಿಸುತ್ತದೆ. ಡೈಸಲ್ಫಿರಾಮ್ ಆ ಕಿಣ್ವವನ್ನೇ ಕಟ್ಟಿಹಾಕುವುದರಿಂದ ವಿಷ ಮೈಯಲ್ಲಿ ಉಳಿದು, ಮುಖ ಕೆಂಪೇರಿ, ವಾಂತಿಯಾಗಿ, ರಕ್ತದೊತ್ತಡ ಕುಸಿದು, ಹೃದಯ ದುರ್ಬಲವಾಗಿರುವವರ ಪ್ರಾಣವೇ ಹೋಗಬಹುದು. ಮಾತ್ರೆ ನಿಲ್ಲಿಸಿದ ಮೇಲೂ ಸುಮಾರು ಎರಡು ವಾರ ಈ ಅಪಾಯ ಉಳಿದಿರುತ್ತದೆ.

ಈ ಔಷಧಿ ಕೆಲಸ ಮಾಡುವ ಬಗೆಯನ್ನು ವೃತ್ತಿಗೆ ಬಂದ ಮೇಲೆ ಓದಿದಾಗ ನಾನು ತುಂಬ ಹೊತ್ತು ಸುಮ್ಮನೆ ಕೂತುಬಿಟ್ಟೆ. ಕುಡಿಯಬೇಕೆಂಬ ಆಸೆಯ ಮೇಲೆ ಅದು ನೇರವಾಗಿ ಕೈಯಿಡುವುದಿಲ್ಲ. 'ಬೆಳಿಗ್ಗೆ ಮಾತ್ರೆ ನುಂಗಿದ್ದೇನೆ, ಈಗ ಕುಡಿದರೆ ಸಾಯುವಷ್ಟು ಸಂಕಟವಾಗುತ್ತದೆ' ಎಂಬ ಅರಿವೇ ಅಂಗಡಿಯ ಮುಂದೆ ಕಾಲನ್ನು ತಡೆದು ನಿಲ್ಲಿಸುತ್ತದೆ. ಹಾಗಾದರೆ ಗೊತ್ತಿಲ್ಲದವನಿಗೆ ಕೊಟ್ಟ ಮಾತ್ರೆ ಏನು ಮಾಡೀತು? ತಡೆಯಬೇಕಾದ ಅರಿವೇ ಇಲ್ಲದ ಮೇಲೆ ಉಳಿಯುವುದು ವಿಷ ಮಾತ್ರ. ಅಮೆರಿಕದಲ್ಲಿ ಈ ಔಷಧಿಯ ಮಾಹಿತಿಪತ್ರದಲ್ಲಿ ಎಲ್ಲಕ್ಕಿಂತ ಮೇಲೆ, ಚೌಕಟ್ಟಿನೊಳಗೆ ಇರುವ ಎಚ್ಚರಿಕೆಯೇ ಇದು: ವ್ಯಕ್ತಿಗೆ ಪೂರ್ತಿ ತಿಳಿಸದೆ ಇದನ್ನು ಎಂದೂ ಕೊಡಕೂಡದು, ಮನೆಯವರಿಗೂ ಹಾಗೆಂದು ವೈದ್ಯರೇ ತಿಳಿಹೇಳಬೇಕು. ನಮ್ಮಲ್ಲಿ ಬಸ್ ನಿಲ್ದಾಣದ ಗೋಡೆಗಳ ಮೇಲೆ, ಪತ್ರಿಕೆಗಳ ಚಿಕ್ಕ ಜಾಹೀರಾತುಗಳಲ್ಲಿ 'ಕುಡಿಯುವವರಿಗೆ ತಿಳಿಯದಂತೆ ಕುಡಿತ ಬಿಡಿಸಲಾಗುವುದು' ಎಂಬ ಸಾಲು ಇಂದಿಗೂ ಕಾಣುತ್ತದೆ. ಅದನ್ನು ನೋಡಿದಾಗಲೆಲ್ಲ ನನಗೆ ಆ ಟ್ರ್ಯಾಕ್ಟರ್ ನೆನಪಾಗುತ್ತದೆ.

ಅವ್ವನನ್ನು ದೂರಲು ಇದನ್ನು ಬರೆಯುತ್ತಿಲ್ಲ. ಅಪ್ಪ ಅವಳಿಗೆ ಪ್ರತಿದಿನವೂ ಸುಳ್ಳು ಹೇಳುತ್ತಿದ್ದ, ದೇವರ ಮೇಲೆ ಆಣೆಯಿಟ್ಟ ಸಂಜೆಯೇ ವಾಸನೆ ಹೊತ್ತು ಬರುತ್ತಿದ್ದ. ಅವಳನ್ನು ಕೂರಿಸಿಕೊಂಡು ಮಾತನಾಡಿಸಿದ ವೈದ್ಯರಾಗಲಿ ನರ್ಸಾಗಲಿ ಒಬ್ಬರೂ ಇರಲಿಲ್ಲ. ಏಮ್ಸ್ ಸಂಸ್ಥೆಯ ವ್ಯಸನ ಚಿಕಿತ್ಸೆಯ ರಾಷ್ಟ್ರೀಯ ಕೇಂದ್ರ ನಡೆಸಿ 2019ರಲ್ಲಿ ಪ್ರಕಟವಾದ ದೇಶವ್ಯಾಪಿ ಸಮೀಕ್ಷೆಯ ಪ್ರಕಾರ, ಮದ್ಯಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಒಂದು ಚಿಕಿತ್ಸೆ ಸಿಕ್ಕಿದೆ. ಉಳಿದ 37 ಮನೆಗಳಲ್ಲಿ ಏನು ನಡೆಯುತ್ತಿದೆ ಎಂಬುದನ್ನು ನಾನು ಊಹಿಸಬಲ್ಲೆ. ಹರಕೆ, ತಾಯಿತ, ಜಗಳ, ಬಚ್ಚಿಟ್ಟ ಮಾತ್ರೆ, ಇನ್ನೂ ಕೆಲವೆಡೆ ರಾತ್ರೋರಾತ್ರಿ ಬಂದು ಮಲಗಿದ್ದವನನ್ನು ಎತ್ತಿಕೊಂಡು ಹೋಗುವ ಕುಡಿತ ಬಿಡಿಸುವ ಕೇಂದ್ರಗಳ ವ್ಯಾನು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಕುಡಿತಕ್ಕೆ ಸಂಬಂಧಿಸಿದ ತೊಂದರೆಗಳನ್ನೂ ತನ್ನ ವ್ಯಾಪ್ತಿಗೆ ತೆಗೆದುಕೊಂಡಿದೆ, ಸರಪಳಿಯಲ್ಲಿ ಕಟ್ಟುವುದನ್ನು ಸ್ಪಷ್ಟವಾಗಿ ನಿಷೇಧಿಸಿದೆ. ಹಾಗಿದ್ದರೂ, ಕಾಲಿನ ಗಿಣ್ಣಿನ ಸುತ್ತ ಕಪ್ಪು ಗೆರೆ ಇರುವವರನ್ನು ಕಾಯ್ದೆ ಬಂದ ಮೇಲೂ ನಾನು ನೋಡಿದ್ದೇನೆ. ಅಂಥವರು ನನ್ನ ಕುರ್ಚಿಯ ಮುಂದೆ ಕೂತಾಗ ಮೊದಲು ನೋಡುವುದು ಬಾಗಿಲು ಎಲ್ಲಿದೆ ಎಂಬುದನ್ನು.

ಮೊದಲ ಭೇಟಿಯಲ್ಲಿ ಎಷ್ಟು ಕುಡಿಯುತ್ತೀರಿ ಎಂದು ಕೇಳಿದರೆ ಬರುವ ಉತ್ತರ ಹೆಚ್ಚುಕಡಿಮೆ ಒಂದೇ. "ಸುಮ್ನೆ ಒಂದು ನೈಂಟಿ ಮೇಡಂ, ಅದೂ ದಿನಾ ಇಲ್ಲ." ಪಕ್ಕದಲ್ಲಿ ಕೂತ ಹೆಂಡತಿ ಮುಖವನ್ನು ಕಿಟಕಿಯ ಕಡೆಗೆ ತಿರುಗಿಸುತ್ತಾರೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಆ ಹೆಂಡತಿಯ ಮುಖ ನೋಡಿ, "ನಿಜವೇನಮ್ಮಾ?" ಎಂದು ಕೇಳುತ್ತಿದ್ದೆ. ಅದರಿಂದ ಸತ್ಯವೇನೋ ಸಿಗುತ್ತಿತ್ತು, ಆದರೆ ಆ ಮನುಷ್ಯ ಮತ್ತೆ ಬರುತ್ತಿರಲಿಲ್ಲ. ನನ್ನೊಡನೆ ಕೆಲಸ ಮಾಡಿದ ಹಿರಿಯ ಮನೋವೈದ್ಯರೊಬ್ಬರು ಬೇರೆ ದಾರಿ ತೋರಿಸಿಕೊಟ್ಟರು. ಅವರು ಮೊದಲು ಒಬ್ಬೊಬ್ಬರನ್ನೇ ಒಳಗೆ ಕರೆಯುತ್ತಿದ್ದರು, ಆಮೇಲೆ ದೊಡ್ಡ ಸಂಖ್ಯೆಯಿಂದ ಶುರು ಮಾಡುತ್ತಿದ್ದರು: "ದಿನಕ್ಕೆ ಐದು ಕ್ವಾರ್ಟರ್ ಆಗುತ್ತದೆಯೇ?" ಎದುರಿಗಿದ್ದವರ ಭುಜ ಸಡಿಲಗೊಳ್ಳುವುದನ್ನು ಕಣ್ಣಾರೆ ಕಾಣಬಹುದಿತ್ತು. "ಅಷ್ಟಿಲ್ಲ ಸಾರ್, ಮೂರು ಆಗ್ತದೆ." ಐದನ್ನು ಕೇಳಿಯೂ ಬೈಯದ ಮನುಷ್ಯನ ಮುಂದೆ ಮೂರನ್ನು ಹೇಳುವುದು ಕಷ್ಟವಲ್ಲ. ನಾನು ಈಗ ಕೇಳುವ ಎರಡನೆಯ ಪ್ರಶ್ನೆ ಬೆಳಗಿನದು: ಎದ್ದ ಕೂಡಲೇ ಕೈ ನಡುಗುತ್ತದೆಯೇ, ನಡುಕ ನಿಲ್ಲಲು ಎಷ್ಟು ಬೇಕಾಗುತ್ತದೆ?

ಈ ಲೆಕ್ಕವನ್ನು ಕೇಳುವುದು ಕುತೂಹಲಕ್ಕಲ್ಲ. ವರ್ಷಗಟ್ಟಲೆ ದಿನವೂ ಕುಡಿದ ದೇಹ ಮದ್ಯದ ಮಂಪರಿಗೆ ಎದುರಾಗಿ ನರಗಳನ್ನು ಬಿಗಿಹಿಡಿದು ಇಟ್ಟುಕೊಂಡಿರುತ್ತದೆ. ಮದ್ಯ ತಟ್ಟನೆ ನಿಂತರೆ ಆ ಬಿಗಿತವೊಂದೇ ಉಳಿಯುತ್ತದೆ. ಆರೆಂಟು ಗಂಟೆಗಳಲ್ಲಿ ನಡುಕ, ಬೆವರು. ಮೊದಲ ಎರಡು ದಿನಗಳೊಳಗೆ ಫಿಟ್ಸ್ ಬರಬಹುದು. ಎರಡು ಮೂರನೆಯ ದಿನಗಳಲ್ಲಿ ಕೆಲವರಿಗೆ ದಿಕ್ಕು, ಕಾಲ, ಮನುಷ್ಯರು ಯಾವುದೂ ತಿಳಿಯದ ಸನ್ನಿ ಹಿಡಿಯುತ್ತದೆ, ಚಿಕಿತ್ಸೆಯಿಲ್ಲದಿದ್ದರೆ ಅದರಿಂದ ಸಾಯುವವರಿದ್ದಾರೆ. ಕ್ಲೋರ್‌ಡಯಾಜೆಪಾಕ್ಸೈಡ್‌ನಂಥ ಮಾತ್ರೆಗಳನ್ನು ಹೆಚ್ಚಿನ ಪ್ರಮಾಣದಲ್ಲಿ ಶುರು ಮಾಡಿ ದಿನದಿನಕ್ಕೆ ಇಳಿಸುತ್ತಾ ಬಂದರೆ ಈ ಕಂಟಕವನ್ನು ದಾಟಿಸಬಹುದು. ಆದರೆ ಎಷ್ಟರಿಂದ ಶುರು ಮಾಡಬೇಕೆಂಬುದು ರೋಗಿ ಎಷ್ಟು ಕುಡಿಯುತ್ತಿದ್ದ ಎಂಬುದನ್ನು ಅವಲಂಬಿಸಿದೆ. ಒಂದು ನೈಂಟಿ ಎಂದ ಸುಳ್ಳು ಇಲ್ಲಿ ಬಂದು ಜೀವಕ್ಕೆ ಕುತ್ತಾಗುತ್ತದೆ.

ಒಮ್ಮೆ ಮೊಪೆಡ್ಡಿನಿಂದ ಬಿದ್ದು ತೊಡೆಯ ಮೂಳೆ ಮುರಿದುಕೊಂಡ ಮನುಷ್ಯರೊಬ್ಬರನ್ನು ಒಂದು ಆಸ್ಪತ್ರೆಯ ಮೂಳೆ ವಾರ್ಡಿಗೆ ಸೇರಿಸಿದ್ದರು. ಕುಡಿಯುತ್ತಾರೆಯೇ ಎಂದು ಕೇಳಿದಾಗ ಹೆಂಡತಿ ಇಲ್ಲವೆಂದಿದ್ದರು. ಮೂರನೆಯ ರಾತ್ರಿ ಆತ ಹೊದಿಕೆಯ ಮೇಲೆ ಇಲ್ಲದ ಇರುವೆಗಳನ್ನು ಹೆಕ್ಕತೊಡಗಿದರು, ಡ್ರಿಪ್ ಕಿತ್ತರು, ಮುರಿದ ಕಾಲಿನಲ್ಲೇ ಎದ್ದು ನಿಲ್ಲಲು ಹೋದರು. ನಮ್ಮನ್ನು ಕರೆಸುವ ಹೊತ್ತಿಗೆ ಕೈಕಾಲುಗಳನ್ನು ಮಂಚಕ್ಕೆ ಬ್ಯಾಂಡೇಜಿನಿಂದ ಕಟ್ಟಿದ್ದರು. ಅವರು ಉಳಿದರು, ಒಂಬತ್ತು ದಿನ ಹಿಡಿಯಿತು. ಆಮೇಲೆ ಆ ಹೆಂಗಸನ್ನು ಯಾಕೆ ಹಾಗೆ ಹೇಳಿದಿರಿ ಎಂದು ಮೆಲ್ಲಗೆ ಕೇಳಿದೆ. "ಹೋದ್ಸಲ ನಿಜ ಹೇಳಿದ್ದಕ್ಕೆ, ಕುಡ್ಕುಂಗೆ ಯಾವ ಆಸ್ಪತ್ರೆ ಅಂತ ಅರ್ಧ ದಿವ್ಸ ಹೊರ್ಗಡೆನೇ ಮಲಗ್ಸಿದ್ರು ಕಣಕ್ಕ" ಎಂದರು. ಆ ಉತ್ತರಕ್ಕೆ ನನ್ನ ಬಳಿ ಮಾತಿರಲಿಲ್ಲ. ಅವರ ಸುಳ್ಳನ್ನು ಅವರಿಗೆ ಕಲಿಸಿದ್ದು ನಮ್ಮಂಥವರೇ.

2020ರ ಮಾರ್ಚ್ 25ರಿಂದ ದೇಶಕ್ಕೆ ದೇಶವೇ ಬಾಗಿಲು ಮುಚ್ಚಿದಾಗ ಕರ್ನಾಟಕದ ಮದ್ಯದಂಗಡಿಗಳೂ ಮುಚ್ಚಿದವು, ಮತ್ತೆ ತೆರೆದದ್ದು ಮೇ 4ಕ್ಕೆ. ಆ ನಲವತ್ತು ದಿನಗಳನ್ನು ಬಹಳ ಜನ ಕುಡಿತ ಬಿಡಿಸಿದ ಸುವರ್ಣಕಾಲವೆಂದು ನೆನೆಯುತ್ತಾರೆ. ನಿಜ, ಆಗ ಬಿಟ್ಟವರಿದ್ದಾರೆ, ಹಾಗೆಯೇ ಉಳಿದವರೂ ಇದ್ದಾರೆ, ಅವರ ಮನೆಗಳಲ್ಲಿ ಆದ ಬದಲಾವಣೆಯನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆದರೆ ಅದೇ ವಾರಗಳಲ್ಲಿ ಬೆಂಗಳೂರಿನ ಆಸ್ಪತ್ರೆಗಳಿಗೆ ಫಿಟ್ಸ್ ಮತ್ತು ಸನ್ನಿಯೊಂದಿಗೆ ಬಂದವರ ಸಂಖ್ಯೆ ಏರಿದ್ದನ್ನು ಅಲ್ಲಿನ ಮನೋವೈದ್ಯರು ದಾಖಲಿಸಿದ್ದಾರೆ. ಕೇರಳ ಸರ್ಕಾರ ವೈದ್ಯರ ಚೀಟಿಯ ಮೇಲೆ ಮದ್ಯ ಕೊಡಲು ಆದೇಶ ಹೊರಡಿಸಿತು, ವೈದ್ಯರ ಸಂಘಗಳು ಪ್ರತಿಭಟಿಸಿದವು, ಏಪ್ರಿಲ್ 2ರಂದು ಅಲ್ಲಿನ ಹೈಕೋರ್ಟು ಅದಕ್ಕೆ ತಡೆ ನೀಡಿತು. ಆ ಆದೇಶ ಸರಿಯಾಗಿತ್ತೆಂದು ನಾನು ಹೇಳಲಾರೆ, ಮಾತ್ರೆಗಳಿರುವಾಗ ಮದ್ಯವನ್ನೇ ಮದ್ದೆಂದು ಬರೆದುಕೊಡಬೇಕಿರಲಿಲ್ಲ. ಆದರೆ ಒಮ್ಮೆಲೇ ನಿಲ್ಲಿಸಿದರೆ ಜನ ಸಾಯುತ್ತಾರೆ ಎಂಬುದನ್ನು ಒಂದು ಸರ್ಕಾರ ಬಾಯಿಬಿಟ್ಟು ಒಪ್ಪಿಕೊಂಡದ್ದು ನನಗೆ ಮುಖ್ಯವಾಗಿ ಕಂಡಿತು. ಆ ವರ್ಷದ ಜುಲೈ ಕೊನೆಯಲ್ಲಿ ಆಂಧ್ರದ ಪ್ರಕಾಶಂ ಜಿಲ್ಲೆಯ ಕುರಿಚೇಡುವಿನಲ್ಲಿ, ಮದ್ಯದಂಗಡಿ ಮುಚ್ಚಿದ್ದರಿಂದ ಸ್ಯಾನಿಟೈಸರ್ ಕುಡಿದು ಹಲವರು ಸತ್ತರು.

ಆ ಏಪ್ರಿಲಿನಲ್ಲಿ ಒಬ್ಬ ರೋಗಿ ನನಗೆ ಫೋನ್ ಮಾಡಿದ್ದರು. ಮನೆಯಲ್ಲಿ ಎರಡು ಬಾಟಲಿ ಉಳಿದಿದೆ, ಇವತ್ತೇ ಸುರಿದುಬಿಡುತ್ತೇನೆ ಎಂದರು. ಹಿಂದೊಮ್ಮೆ ಬಿಟ್ಟಾಗ ಅವರಿಗೆ ಫಿಟ್ಸ್ ಬಂದದ್ದು ನನಗೆ ಗೊತ್ತಿತ್ತು. ಅವರ ಊರಿಗೆ ಬಸ್ಸಿರಲಿಲ್ಲ, ಮಾತ್ರೆ ತಲುಪಲು ಎರಡು ದಿನ ಬೇಕಿತ್ತು. ನಾನು ವೈದ್ಯರನ್ನು ಕೇಳಿಕೊಂಡು ಮತ್ತೆ ಫೋನ್ ಮಾಡಿ, ಸುರಿಯಬೇಡಿ, ಮಾತ್ರೆ ಬರುವವರೆಗೆ ಹೊತ್ತುಹೊತ್ತಿಗೆ ಇಷ್ಟಿಷ್ಟೇ ತೆಗೆದುಕೊಳ್ಳಿ ಎಂದು ಅಳತೆ ಹೇಳಿದೆ. ಸ್ಪೀಕರಿನಲ್ಲಿ ಕೇಳಿಸಿಕೊಂಡ ಮಗ ಫೋನ್ ಕಿತ್ತುಕೊಂಡು, "ನೀವೇ ಕುಡೀರಿ ಅಂತ ಹೇಳ್ತೀರಲ್ಲ ಮೇಡಂ, ನಿಮಗೆ ಸಂಬಳ ಕೊಡೋದು ಇದಕ್ಕಾ?" ಎಂದು ಕೂಗಿದ. ಹದಿನೇಳು ಹದಿನೆಂಟರ ಹುಡುಗ. ಅವನ ದನಿಯಲ್ಲಿ ನನ್ನದೇ ಹಳೆಯ ದನಿ ಇತ್ತು.

ಅಂದು ನಾನು ಮಾಡಿದ ಕೆಲಸಕ್ಕೆ ವೃತ್ತಿಯ ಮಾತಿನಲ್ಲಿ ಹಾರ್ಮ್ ರಿಡಕ್ಷನ್ ಎನ್ನುತ್ತಾರೆ, ಹಾನಿ ತಗ್ಗಿಸುವುದು. ಅದು ಹುಟ್ಟಿದ್ದು ಮದ್ಯದ ಸುತ್ತಲಲ್ಲ, ಸೂಜಿಯ ಸುತ್ತ. 1984ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಹಳೆ ಸಿರಿಂಜು ಪಡೆದು ಹೊಸದನ್ನು ಕೊಡುವ ವ್ಯವಸ್ಥೆಗಾಗಿ ಹಟ ಹಿಡಿದದ್ದು ಹೆರಾಯಿನ್ ಚುಚ್ಚಿಕೊಳ್ಳುತ್ತಿದ್ದವರೇ ಕಟ್ಟಿಕೊಂಡಿದ್ದ ಸಂಘ. ತಮ್ಮವರಲ್ಲಿ ಹೆಪಟೈಟಿಸ್ ಬಿ ಹರಡುವುದನ್ನು ಅವರು ನೋಡುತ್ತಿದ್ದರು. ಅದೇ ಕಾಲದಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಪೊಲೀಸರ ಬಿಗಿಯಿಂದ ಸಿರಿಂಜು ಸಿಗುವುದೇ ಕಷ್ಟವಾಗಿ, ಒಂದನ್ನೇ ಹಲವರು ಬಳಸಿದರು. ಎಚ್‌ಐವಿ ಪರೀಕ್ಷೆ ಬಂದ ಮೇಲೆ ನೋಡಿದರೆ, ಅಲ್ಲಿನ ಒಂದು ವೈದ್ಯಶಾಲೆಗೆ ಬರುತ್ತಿದ್ದ ಚುಚ್ಚಿಕೊಳ್ಳುವವರಲ್ಲಿ ಅರ್ಧದಷ್ಟು ಜನರಿಗೆ ಸೋಂಕು ತಗುಲಿತ್ತು. ನಮ್ಮ ಮಣಿಪುರದಲ್ಲಿ 1989ರಿಂದ 1990ರ ನಡುವೆ, ಆರೇ ತಿಂಗಳಲ್ಲಿ, ಚುಚ್ಚಿಕೊಳ್ಳುವವರಲ್ಲಿ ಎಚ್‌ಐವಿ ಶೂನ್ಯದಿಂದ ಅರ್ಧದಷ್ಟು ಜನಕ್ಕೆ ಏರಿತ್ತು. ಆ ಪೆಟ್ಟು ತಿಂದ ರಾಜ್ಯ 1996ರಲ್ಲಿ ತನ್ನದೇ ಏಡ್ಸ್ ನೀತಿಯನ್ನು ರೂಪಿಸಿ, ಶುದ್ಧ ಸೂಜಿ ಹಂಚುವುದನ್ನು ಒಪ್ಪಿಕೊಂಡಿತು. ಸೂಜಿ ಹಂಚಲು ಬಂದವರು ಬಿಡುತ್ತೀಯೋ ಇಲ್ಲವೋ ಎಂದು ಮೊದಲೇ ಕೇಳಲಿಲ್ಲ. ನಾಳೆಯೂ ಬದುಕಿರು, ನಾಳೆ ಮತ್ತೆ ಬಾ ಎಂದರು. ಮತ್ತೆ ಮತ್ತೆ ಬಂದವರಲ್ಲಿ ಕೆಲವರು ಒಂದು ದಿನ ಚಿಕಿತ್ಸೆಯ ಮಾತನ್ನೂ ತೆಗೆದರು.

ಮಂಡ್ಯದ ಕಬ್ಬಿನ ಗದ್ದೆಗಳ ನಡುವೆ ಸೂಜಿಯಿಲ್ಲ. ಇಲ್ಲಿ ಹಾನಿ ತಗ್ಗಿಸುವುದೆಂದರೆ ಏನೆಂದು ನಾನು ರೋಗಿಗಳಿಂದಲೇ ಕಲಿಯುತ್ತಾ ಬಂದೆ. ಖಾಲಿ ಹೊಟ್ಟೆಯಲ್ಲಿ ಶುರು ಮಾಡಬೇಡಿ, ಮೊದಲು ಅರ್ಧ ಮುದ್ದೆಯಾದರೂ ಉಣ್ಣಿ ಎನ್ನುತ್ತೇನೆ. ಊಟ ಬಿಟ್ಟು ಕುಡಿಯುವವರಲ್ಲಿ ಬಿ1 ಜೀವಸತ್ವ, ಅಂದರೆ ಥಯಮಿನ್, ಬರಿದಾಗಿ ಕಣ್ಣು ಹೊರಳದೆ, ಕಾಲು ನಿಲ್ಲದೆ, ಕೊನೆಗೆ ನೆನಪೇ ಅಳಿಸಿಹೋಗುವ ಕಾಯಿಲೆ ಬರುತ್ತದೆ. ಅದಕ್ಕೆ ಕೊಡುವ ಮಾತ್ರೆಗೆ ಬೆಲೆ ತೀರ ಕಡಿಮೆ, ಕುಡಿತ ಬಿಡದವರಿಗೂ ಅದನ್ನು ಕೊಡಬಹುದು, ಕೊಡಲೇಬೇಕು. ಬೈಕಿನ ಕೀಲಿಯನ್ನು ಮನೆಯಲ್ಲಿಟ್ಟು ನಡೆದು ಹೋಗಲು ಒಪ್ಪಿದವರಿದ್ದಾರೆ. ಕೂಲಿ ಸಿಕ್ಕ ಶನಿವಾರ ಅಂಗಡಿಗೆ ಹೋಗುವ ಮೊದಲು ಅರ್ಧ ಹಣವನ್ನು ಹೆಂಡತಿಯ ಕೈಗೆ ಕೊಡುವ ಒಪ್ಪಂದಕ್ಕೆ ಬಂದವರಿದ್ದಾರೆ. ನಿದ್ದೆ ಮಾತ್ರೆಯನ್ನು ಮದ್ಯದೊಂದಿಗೆ ಸೇರಿಸಿದರೆ ಉಸಿರೇ ನಿಲ್ಲಬಹುದೆಂದು ಹೇಳಿದಾಗ ಬೆಚ್ಚಿದವರು ಬಹಳ, ಅದುವರೆಗೆ ಅವರಿಗೆ ಯಾರೂ ಹೇಳಿರಲಿಲ್ಲ. ಕದ್ದು ಕಾಸಿದ್ದನ್ನು, ಲೇಬಲ್ ಇಲ್ಲದ್ದನ್ನು ಮುಟ್ಟಬೇಡಿ ಎನ್ನುತ್ತೇನೆ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಮರುವರ್ಷದ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರದ ಕಡೆ ಮತ್ತು ಗಡಿಯಾಚೆಯ ತಮಿಳುನಾಡಿನಲ್ಲಿ ಮೆಥನಾಲ್ ಬೆರೆತ ಕಳ್ಳಭಟ್ಟಿ ಕುಡಿದು 150ಕ್ಕೂ ಹೆಚ್ಚು ಜನ ಸತ್ತರು. ಆಲೆಮನೆಯ ಕೆಲಸಗಾರರಿಗೆ ನಾನು ಹೇಳುವ ಮಾತು ಇನ್ನೊಂದಿದೆ: ಕೈ ನಡುಗುವ ಬೆಳಿಗ್ಗೆ ಕೊಪ್ಪರಿಗೆಯ ಹತ್ತಿರ ಹೋಗಬೇಡಿ, ಮಾಲೀಕರಿಗೆ ನಾನೇ ಬೇಕಾದರೆ ಮಾತನಾಡುತ್ತೇನೆ.

ಹೀಗೆ ಹೇಳುವಾಗಲೆಲ್ಲ ನನ್ನ ಮುಂದೆ ಒಬ್ಬಳು ಹೆಂಗಸು ಬಂದು ನಿಲ್ಲುತ್ತಾಳೆ. ಆಕೆ ಕೇಳುವ ಪ್ರಶ್ನೆಯನ್ನು ಈ ವಿಷಯದ ಬಗ್ಗೆ ಬರೆಯುವ ಬಹುತೇಕರು ತಪ್ಪಿಸಿಕೊಂಡು ಹೋಗುತ್ತಾರೆ. "ಅವನು ಊಟ ಮಾಡಿ ಕುಡುದ್ರೆ ಅವನ ಹೊಟ್ಟೆ ಉಳೀತದೆ ಮೇಡಂ. ನನ್ನ ಬೆನ್ನು?" 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ಮದ್ಯ ನಿಷೇಧಕ್ಕಾಗಿ ನಡೆದುಬಂದ ಸಾವಿರಾರು ಹೆಣ್ಣುಮಕ್ಕಳು ಕೇಳಿದ್ದೂ ಇದನ್ನೇ. ನಿಷೇಧವೊಂದರಿಂದಲೇ ಇದು ಬಗೆಹರಿಯುತ್ತದೆ ಎಂದು 2008ರ ಆ ಕಳ್ಳಭಟ್ಟಿ ಸಾವುಗಳನ್ನು ಕಂಡ ನನಗೆ ಅನ್ನಿಸುವುದಿಲ್ಲ, ಆದರೆ ಅವರ ಹೆಜ್ಜೆಗಳ ಹಿಂದಿನ ನೋವನ್ನು ಅರಿಯದವರು ಹಾನಿಯ ಬಗ್ಗೆ ಮಾತನಾಡುವ ಅರ್ಹತೆ ಗಳಿಸಿಲ್ಲ ಎಂದು ಖಂಡಿತ ಅನ್ನಿಸುತ್ತದೆ. ಹಾನಿಯ ಲೆಕ್ಕ ಹಾಕುವಾಗ ಕುಡಿಯುವವನ ಲಿವರ್ ಒಂದನ್ನೇ ಲೆಕ್ಕಕ್ಕೆ ಹಿಡಿದರೆ ಆ ಲೆಕ್ಕವೇ ತಪ್ಪು. ಅದಕ್ಕೇ ನಾನು ಮೊದಲ ದಿನವೇ, ಗಂಡಸರ ಮುಖ ನೋಡಿ, ಒಂದು ಮಾತು ಹೇಳಿಬಿಡುತ್ತೇನೆ: ನೀವು ಎಷ್ಟು ಕುಡಿದಿರಿ, ಎಲ್ಲಿ ಕುಡಿದಿರಿ, ಮಾತ್ರೆ ತಪ್ಪಿಸಿದಿರಾ ಎಂಬುದೆಲ್ಲ ಈ ಕೋಣೆಯಲ್ಲೇ ಉಳಿಯುತ್ತದೆ. ಹೆಂಡತಿ ಮಕ್ಕಳ ಮೇಲೆ ಕೈ ಮಾಡಿದ್ದು ಇಲ್ಲಿ ಉಳಿಯುವುದಿಲ್ಲ. ಆ ಹೆಂಗಸರಿಗೆ ಸಾಂತ್ವನ ಕೇಂದ್ರದ ದಾರಿಯನ್ನೂ 181 ಸಹಾಯವಾಣಿಯನ್ನೂ ಬೇರೆಯಾಗಿ ಕೂರಿಸಿಕೊಂಡು ತಿಳಿಸುತ್ತೇನೆ. ಆಶ್ಚರ್ಯವೆಂದರೆ, ಈ ಗೆರೆಯನ್ನು ಮೊದಲೇ ಎಳೆದದ್ದರಿಂದ ಯಾರೂ ಬರುವುದನ್ನು ನಿಲ್ಲಿಸಿಲ್ಲ. ಹೇಳಿದ ಗೆರೆಗೆ ಜನ ಹೆದರುವುದಿಲ್ಲ, ಹೇಳದೆ ಹಿಂದಿನಿಂದ ಎಳೆಯುವ ಗೆರೆಗೆ ಹೆದರುತ್ತಾರೆ.

ಇದನ್ನು ನಾನು ಕಲಿತದ್ದು ನನ್ನ ತಪ್ಪಿನಿಂದ. ಕಬ್ಬು ಕಡಿದು ಲಾರಿಗೆ ತುಂಬುವ ಒಬ್ಬರು ಏಳು ತಿಂಗಳು ಬಿಡದೆ ಪ್ರತಿ ಮಂಗಳವಾರ ಬಂದಿದ್ದರು. ಕೆಲವು ವಾರ ಕುಡಿದೇ ಬರುತ್ತಿದ್ದರು. ಕುಡಿದು ಬಂದವರನ್ನು ವಾಪಸ್ ಕಳಿಸುವ ರೂಢಿ ಎಷ್ಟೋ ಕಡೆ ಇದೆ, ಕೆಮ್ಮುತ್ತಾ ಬಂದ ಕ್ಷಯರೋಗಿಗೆ ಕೆಮ್ಮು ನಿಂತ ಮೇಲೆ ಬಾ ಎಂದಂತೆ ಅದು ನನಗೆ ಕಾಣುತ್ತದೆ, ಆದ್ದರಿಂದ ಅವರನ್ನು ಕೂರಿಸುತ್ತಿದ್ದೆ. ಒಂದು ವಾರ ಅವರು ತಾವಾಗಿಯೇ, "ಇವತ್ತು ಸುಳ್ಳು ಹೇಳಲ್ಲ ಮೇಡಂ, ಬೆಳಿಗ್ಗೆ ಎರಡು ಹಾಕ್ಕೊಂಡೇ ಬಂದಿದ್ದೀನಿ" ಎಂದರು. ಆ ವರ್ಷದಲ್ಲಿ ನನಗೆ ಸಿಕ್ಕ ಅತ್ಯಂತ ದೊಡ್ಡ ಗೆಲುವೆಂದು ಅದನ್ನು ಡೈರಿಯಲ್ಲಿ ಬರೆದುಕೊಂಡೆ. ಇನ್ನೆರಡು ವಾರ ಕಳೆದು ಅವರು ಇನ್ನೊಂದನ್ನೂ ಹೇಳಿದರು: ಹೆಂಡತಿಯ ಸಂಘದ ಕಂತಿನ ಹಣ ಸಂತೆಯಲ್ಲಿ ಕಳವಾಯಿತೆಂದು ಮನೆಯಲ್ಲಿ ಹೇಳಿದ್ದು ಸುಳ್ಳು, ಅದು ಅಂಗಡಿಗೆ ಹೋಗಿತ್ತು. ತಾವೇ ಒಂದು ದಿನ ಅವಳಿಗೆ ಹೇಳುವುದಾಗಿಯೂ ಅಂದರು.

ಮುಂದಿನ ವಾರ ಆ ಹೆಂಡತಿ ಒಬ್ಬರೇ ಬಂದು ಕಣ್ಣೀರಿಟ್ಟರು. ಸಂಘದವರು ಅವರನ್ನೇ ಕಳ್ಳಿಯೆಂದು ಅನುಮಾನಿಸುತ್ತಿದ್ದರು. ನಾನು ತಡೆಯಲಾರದೆ ಹೇಳಿಬಿಟ್ಟೆ. ಆ ಗಳಿಗೆಯಲ್ಲಿ ಅದು ನ್ಯಾಯವೆಂದೇ ನನಗೆ ಅನ್ನಿಸಿತ್ತು. ಆತನನ್ನು ಕರೆಸಿ, ನಿಮ್ಮ ಸುಳ್ಳಿನಿಂದ ನಿಮ್ಮ ಮನೆಯವರಿಗೆ ಇಂಥ ಮಾತು ಬರುತ್ತಿದೆ, ಈ ವಾರದೊಳಗೆ ನೀವೇ ಹೇಳಿ, ಬೇಕಾದರೆ ನಾನು ಪಕ್ಕದಲ್ಲಿ ಕೂರುತ್ತೇನೆ ಎನ್ನಬಹುದಿತ್ತು. ನಾನು ಹಾಗೆ ಮಾಡಲಿಲ್ಲ. ಅವರ ಬೆನ್ನ ಹಿಂದೆ, ಅವರ ಒಳಿತಿಗೆಂದೇ, ಅವರ ತಟ್ಟೆಗೆ ಏನನ್ನೋ ಬೆರೆಸಿದ್ದೆ. ಅವರು ಬರುವುದನ್ನು ನಿಲ್ಲಿಸಿದರು. ಮೂರನೆಯ ಮಂಗಳವಾರವೂ ಆ ಕುರ್ಚಿ ಖಾಲಿ ಉಳಿದಾಗ ನಾನು ಯಾರ ಮಗಳೆಂಬುದು ನನಗೆ ಅರ್ಥವಾಯಿತು.

ಐದು ತಿಂಗಳ ನಂತರ ಅವರ ಊರಿಗೆ ಹೋದೆ. ಗದ್ದೆಯ ಬದುವಿನಲ್ಲಿ ನಿಂತು, ನಾನು ಮಾಡಿದ್ದು ತಪ್ಪು, ನಿಮ್ಮ ಮಾತನ್ನು ನಿಮ್ಮನ್ನು ಕೇಳದೆ ಹೊರಗೆ ಹಾಕಿದೆ ಎಂದೆ. ಅವರು ಕುಡುಗೋಲನ್ನು ಕೆಳಗಿಡಲಿಲ್ಲ. "ಡಾಕ್ಟ್ರ ಕಡೆಯೋರು ಯಾರೂ ಹಿಂಗೆ ಹೇಳಿದ್ದು ನಾನು ಕಾಣೆ" ಎಂದಷ್ಟೇ ಹೇಳಿ ಕೆಲಸ ಮುಂದುವರಿಸಿದರು. ಎರಡು ತಿಂಗಳಾದ ಮೇಲೆ ಒಂದು ಮಂಗಳವಾರ ಬಂದರು.

ಡೈಸಲ್ಫಿರಾಮ್ ಕೊಡಿ ಎಂದು ಕೇಳಿದ್ದು ಅವರೇ. ವೈದ್ಯರು ಹೃದಯವನ್ನೂ ಲಿವರನ್ನೂ ಪರೀಕ್ಷಿಸಿ, ಕುಡಿದರೆ ಏನಾಗುತ್ತದೆಂದು ಗಂಡ ಹೆಂಡತಿ ಇಬ್ಬರಿಗೂ ಮೂರು ಸಲ ವಿವರಿಸಿದರು. ಕೆಮ್ಮಿನ ಸಿರಪ್ಪಿನಲ್ಲಿಯೂ ಮದ್ಯಸಾರ ಇರಬಹುದೆಂಬುದನ್ನೂ ಬಿಡಲಿಲ್ಲ. ಒಪ್ಪಿಗೆಯ ಕಾಗದಕ್ಕೆ ಇಬ್ಬರೂ ಹೆಬ್ಬೆಟ್ಟು ಒತ್ತಿದರು. ಮಾತ್ರೆಯ ಪಟ್ಟಿ ಅವರ ಮನೆಯಲ್ಲಿ ದೇವರ ಗೂಡಿನ ಪಕ್ಕ, ಎಲ್ಲರಿಗೂ ಕಾಣುವಂತೆ ಇದೆ. ಬೆಳಿಗ್ಗೆ ಹೆಂಡತಿ ಮಾತ್ರೆ ಕೊಡುತ್ತಾರೆ, ಅವರು ನುಂಗಿ, "ಆಯ್ತು ನೋಡು" ಎಂದು ಬಾಯಿ ತೆರೆದು ತೋರಿಸುತ್ತಾರೆ. ಹೀಗೆ ಇನ್ನೊಬ್ಬರ ಕಣ್ಣೆದುರು, ಒಪ್ಪಿ ತೆಗೆದುಕೊಂಡಾಗ ಈ ಮಾತ್ರೆ ಚೆನ್ನಾಗಿ ಕೆಲಸ ಮಾಡುತ್ತದೆ. ಅವರು ಪೂರ್ತಿ ಬಿಟ್ಟಿದ್ದಾರೆಯೇ ಎಂದರೆ, ಇಲ್ಲ. ಎರಡು ಸಲ ಮತ್ತೆ ಕುಡಿದಿದ್ದಾರೆ, ಒಮ್ಮೆ ತಂಗಿಯ ಮದುವೆ ಮುಗಿದ ಮೇಲೆ, ಇನ್ನೊಮ್ಮೆ ಕಾರಣವೇ ಇಲ್ಲದೆ. ಎರಡು ಸಲವೂ ಮೊದಲೇ ನನಗೆ ಫೋನ್ ಮಾಡಿ, "ಮಾತ್ರೆ ನಿಲ್ಸಿದ್ದೀನಿ ಮೇಡಂ, ಇನ್ನು ಎಷ್ಟು ದಿನ ಕಾಯ್ಬೇಕು?" ಎಂದು ಕೇಳಿದ್ದರು. ಎರಡು ವಾರ ಎಂದೆ. ಒಂದು ಸಲ ಆ ಎರಡು ವಾರ ಕಾಯುವುದರೊಳಗೆ ಮನಸ್ಸು ಅರ್ಧ ಬದಲಾಗಿ, ಕುಡಿದದ್ದು ಒಂದೇ ಸಂಜೆಗೆ ಮುಗಿಯಿತು.

ಅಪ್ಪ ತೀರಿಕೊಂಡದ್ದು 2011ರಲ್ಲಿ. ಲಿವರ್ ಗಟ್ಟಿಯಾಗಿ, ಹೊಟ್ಟೆಯಲ್ಲಿ ನೀರು ತುಂಬಿ, ಕೊನೆಯ ವಾರ ಆಸ್ಪತ್ರೆಯಲ್ಲಿದ್ದ. ಆ ಹೊತ್ತಿಗೆ ಅವನಿಗೆ ಮಂಕು ಕವಿದಿತ್ತು, ಎದುರಿಗಿರುವುದು ಯಾರೆಂದು ಗೊತ್ತಾಗುತ್ತಿರಲಿಲ್ಲ, ತಟ್ಟೆಯನ್ನು ಸರಿಸುವ ಶಕ್ತಿ ಕೈಯಲ್ಲಿ ಉಳಿದಿರಲಿಲ್ಲ. ಅವ್ವ ಉಪ್ಪಿಲ್ಲದ ಗಂಜಿಯನ್ನು ಬಟ್ಟಲಿಗೆ ಬಗ್ಗಿಸಿಕೊಂಡು ಮಂಚದ ಪಕ್ಕ ಕೂತಳು. ನಾನು ವಾರ್ಡಿನ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಅವಳು ಮೊದಲ ಚಮಚವನ್ನು ಎತ್ತಿ, ಅಪ್ಪನ ಕಣ್ಣೆದುರಿಗೆ ಒಂದು ಕ್ಷಣ ಹಿಡಿದು, ತನ್ನ ಬಾಯಿಗೆ ಹಾಕಿಕೊಂಡು ನುಂಗಿದಳು. ಆಮೇಲೆ ಎರಡನೆಯದನ್ನು ಅವನಿಗೆ ಕೊಟ್ಟಳು.